ಒಬ್ಬರ ಹರಕೆ, ಇನ್ನೊಬ್ಬರ ಮಗಳು

ಮಾನ್ವಿಯಲ್ಲಿ ನಮ್ಮ ಮನೆಗೂ ಮಾರೆಮ್ಮನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಮಣ್ಣಿನದು. ಆ ಮನೆಯಲ್ಲಿ ಒಗ್ಗರಣೆ ಸಿಡಿದರೆ ನಮಗೆ ಸೀನು ಬರುತ್ತಿತ್ತು, ಜಗಳ ಹತ್ತಿದರೆ ನಮ್ಮ ಮನೆಯ ಮಾತು ನಿಲ್ಲುತ್ತಿತ್ತು. ಕದ್ದು ಕೇಳಿದೆ ಎಂದು ಯಾರೂ ನನ್ನನ್ನು ಬೈಯಬೇಡಿ. ಕಿವಿ ಮುಚ್ಚಿಕೊಂಡು ರೊಟ್ಟಿ ಬಡಿಯಲು ಆಗುವುದಿಲ್ಲ.

ಮಾರೆಮ್ಮನಿಗೆ ಇಬ್ಬರು ಗಂಡುಮಕ್ಕಳು, ದುರುಗಪ್ಪ ಮತ್ತು ಬೂದೆಪ್ಪ. ಇಬ್ಬರೂ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲರು. ಹಿರಿಯ ಸೊಸೆ ಯಮನಮ್ಮನಿಗೆ ಯಂಕೋಬ ಎಂಬ ಮಗ, ಅವನ ಬೆನ್ನಿಗೆ ಗದ್ದೆಮ್ಮ ಎಂಬ ಪುಟ್ಟ ಮಗಳು. ಕಿರಿಯ ಸೊಸೆ ಗೋಪಮ್ಮನಿಗೆ ಒಬ್ಬಳೇ ಮಗಳು, ಜಂಬಮ್ಮ. ಎಲ್ಲರ ಬಾಯಲ್ಲಿ ಅವಳು ಜಂಬಿ. ಯಂಕೋಬನೂ ಜಂಬಿಯೂ ಒಂದೇ ವರ್ಷ ಹುಟ್ಟಿದವರು, ಸರಕಾರಿ ಶಾಲೆಯಲ್ಲಿ ಇಬ್ಬರದೂ ಐದನೇ ಕ್ಲಾಸು. ಬೇರೆ ಬೇರೆ ಕ್ಲಾಸಿನಲ್ಲಿದ್ದಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲವೇನೋ.

ಯಂಕೋಬ ದಡ್ಡನಲ್ಲ. ಹೇಳಿಕೊಟ್ಟದ್ದನ್ನು ಕಲಿಯುತ್ತಿದ್ದ, ಮರುದಿನದವರೆಗೆ ನೆನಪಿಟ್ಟುಕೊಳ್ಳುತ್ತಿದ್ದ. ಆದರೆ ಜಂಬಿ ಹೇಳಿಕೊಡದೆ ಇದ್ದದ್ದನ್ನೂ ಕಲಿಯುತ್ತಿದ್ದಳು. ಸಂತೆಗೆ ಹೋದರೆ ಅಂಗಡಿಯವನಿಗಿಂತ ಮೊದಲು ಲೆಕ್ಕ ಹೇಳಿ ಅವನಿಂದ ಬೈಸಿಕೊಳ್ಳುತ್ತಿದ್ದಳು. ಎದುರಿಗೆ ಕೂತವರು ಪೇಪರು ಓದುತ್ತಿದ್ದರೆ ಈಚೆಯಿಂದ ತಲೆಕೆಳಗಾದ ಅಕ್ಷರಗಳನ್ನೇ ಓದಿ ಮುಗಿಸುತ್ತಿದ್ದಳು. ಅವಳನ್ನು ಕಂಡರೆ ನನಗೆ ಬಹಳ ಹಿಗ್ಗು. ಯಮನಮ್ಮನಿಗೆ ಮಾತ್ರ ಮೈಯೆಲ್ಲ ಉರಿ.

ಆ ಹೊಟ್ಟೆಕಿಚ್ಚನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಸಂಜೆ ಇಬ್ಬರು ಮಕ್ಕಳೂ ಒಂದೇ ಕಂದೀಲಿನ ಮುಂದೆ ಓದಲು ಕೂತರೆ ಯಮನಮ್ಮ ಬಂದು ಕಂದೀಲನ್ನು ಮಗನ ಕಡೆಗೆ ಸರಿಸಿ ಹೋಗುತ್ತಿದ್ದಳು. ಜಂಬಿ ಪುಸ್ತಕವನ್ನು ಬೆಳಕಿದ್ದಲ್ಲಿಗೆ ಒಯ್ದು ಕೂರುತ್ತಿದ್ದಳು. ಕೋಳಿ ಮೊಟ್ಟೆ ಇಟ್ಟರೆ ಅದು ಯಂಕೋಬನಿಗೆ, ತಲೆಗೆ ಒಳ್ಳೆಯದು ಎಂದು. ಜಂಬಿ ಪಾಠ ಓದುವ ಹೊತ್ತಿಗೇ ದೊಡ್ಡವ್ವನಿಗೆ ನೀರು ನೆನಪಾಗುತ್ತಿತ್ತು, ಕಸಬರಿಗೆ ನೆನಪಾಗುತ್ತಿತ್ತು. ಹುಡುಗಿ ಕೊಡ ತುಂಬಿ ತಂದಿಟ್ಟು ಮತ್ತೆ ಕೂತರೆ ಮಗನ ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು.

"ಅಕಿ ನೀರು ಹೊತ್ತು ಬಂದರೂ ಓದತಾಳ. ನಿನಗೇನು ದಾಡಿ ಬಂದದ?"

ಒಬ್ಬಳ ಜಾಣತನಕ್ಕೆ ಇನ್ನೊಬ್ಬ ಪೆಟ್ಟು ತಿನ್ನುವುದು ಯಾವ ನ್ಯಾಯವೋ. ಪೆಟ್ಟು ತಿಂದ ಯಂಕೋಬನಿಗೆ ಮಾತ್ರ ಜಂಬಿಯ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಅಪ್ಪ ಅವ್ವ ಆಚೆ ಹೋದ ಕೂಡಲೇ ಅವಳ ಹತ್ತಿರವೇ ಲೆಕ್ಕ ಹೇಳಿಸಿಕೊಳ್ಳುತ್ತಿದ್ದ.

ಅದು ಸಾವಿರದ ಒಂಬೈನೂರ ಎಂಬತ್ತೇಳರ ಮಾತು. ಜಾಣ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸಿಕೊಂಡು, ಊಟ ಬಟ್ಟೆ ಪುಸ್ತಕ ಎಲ್ಲ ಕೊಟ್ಟು ಪುಗಸಟ್ಟೆ ಓದಿಸುವ ಒಂದು ವಸತಿ ಶಾಲೆ ರಾಯಚೂರಿನ ಹತ್ತಿರ ಆಗಿದೆ ಎಂಬ ಸುದ್ದಿ ಬಂತು. ಸುದ್ದಿ ತಂದವರು ಐದನೇ ಕ್ಲಾಸಿಗೆ ಕಲಿಸುವ ಶಹಜಾದಿ ಬೇಗಂ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ಅವರು ಅಕ್ಕೋರು. ಒಂದು ಸಂಜೆ ಮಾರೆಮ್ಮನ ಕಟ್ಟೆಯ ಮೇಲೆ ಬಂದು ಕೂತರು.

"ನಿಮ್ಮನಿ ಇಬ್ಬರನ್ನೂ ಪರೀಕ್ಷಾಕ್ಕ ಕೂಡಸ್ತೀನಿ ಯವ್ವಾ. ಅದರಾಗ ಜಂಬಿ ಅಂತೂ ಕೂಡಲೇಬೇಕು. ನಾನು ಇಷ್ಟು ವರ್ಷ ಕಲಿಸೀನಿ, ಇಂಥಾ ಕೂಸು ನೋಡಿಲ್ಲ."

ಆ ಕೊನೆಯ ಮಾತನ್ನು ಅಕ್ಕೋರು ಆಡಬಾರದಿತ್ತು. ಒಳಗೆ ಯಮನಮ್ಮನ ಕೈಯಲ್ಲಿದ್ದ ತಟ್ಟೆ ಸಪ್ಪಳ ಮಾಡಿತು.

"ಹೆಣ್ಣುಹುಡುಗಿಗಿ ಯಾಕ ಅಕ್ಕೋರ," ಎಂದಳು ಮಾರೆಮ್ಮ. "ನಾಳಿ ಇನ್ನೊಬ್ಬರ ಮನಿಗಿ ಹೋಗಾಕಿ. ಯಂಕೋಬನ್ನ ಬರಸ್ರಿ ಸಾಕು."

ಅಷ್ಟರಲ್ಲಿ ಯಂಕೋಬ, ಜಂಬಿ ಬರದಿದ್ದರೆ ತಾನೂ ಬರುವುದಿಲ್ಲ ಎಂದು ಕಂಬ ಹಿಡಿದು ನಿಂತ. ಅವನಿಗೆ ಗೊತ್ತಿಲ್ಲದ ಶಾಲೆ, ಗೊತ್ತಿಲ್ಲದ ಮೇಷ್ಟರು ಎಂದರೆ ಪ್ರಾಣಭಯ. ಯಮನಮ್ಮ ಸ್ವಲ್ಪ ಹೊತ್ತು ಯೋಚಿಸಿ ಅತ್ತೆಗೆ ಹೇಳಿದಳು:

"ಜೋಡಿಗಿ ಹೋಗಲಿ ಬಿಡ್ರಿ ಅತ್ತಿ. ಹುಡುಗಿಗಿ ಯಾರು ಕೊಡತಾರ ಅಂಥಾ ಸಾಲಿ."

ಹೀಗೆ ಜಂಬಿ ಅಣ್ಣನಿಗೆ ಜೊತೆಯೆಂದು ಪರೀಕ್ಷೆಗೆ ಸೇರಿದಳು. ಅಕ್ಕೋರು ದಿನಾ ಸಂಜೆ ಇಬ್ಬರನ್ನೂ ತಮ್ಮ ಮನೆಯಲ್ಲಿ ಕೂರಿಸಿ ತಯಾರು ಮಾಡಿದರು. ನಾಲ್ಕು ಚಿತ್ರ ಕೊಟ್ಟು ಗುಂಪಿಗೆ ಸೇರದ್ದು ಯಾವುದು ಎಂದು ಕೇಳುವ ಪ್ರಶ್ನೆಗಳು ಬಹಳ ಇರುತ್ತಿದ್ದವಂತೆ. ಎತ್ತು, ಎಮ್ಮೆ, ಆಡು, ಕೋಳಿ. ಯಂಕೋಬ ಕೋಳಿ ಎಂದ. ಜಂಬಿಯೂ ಕೋಳಿ ಎಂದೇ ಬರೆದು ತಲೆ ಎತ್ತಿದಳು.

"ಕೋಳಿ ಅಂತನ ಬರೀಬೇಕು, ಗೊತ್ತದ ಅಕ್ಕೋರ. ಆದರ ನೀರಾಗ ಮುಣಗಿ ಕುಂದರೋದು ಎಮ್ಮಿ ಒಂದ. ಅದನ್ನ ಬ್ಯಾರೆ ಅಂದರ ತಪ್ಪು ಹ್ಯಾಂಗ ಆಗತದ?"

ಇದನ್ನು ಹೇಳಿಕೊಂಡು ಅಕ್ಕೋರು ಶಾಲೆಯಲ್ಲೆಲ್ಲ ನಕ್ಕರು. ನಗು ಸುತ್ತಿ ಬಳಸಿ ಯಮನಮ್ಮನ ಕಿವಿಗೂ ಬಂತು. ಆ ವಾರ ಅವಳು ಗೋಪಮ್ಮನ ಜೊತೆ ಮಾತು ಬಿಟ್ಟಳು.

ಪರೀಕ್ಷೆಗೆ ಮುಂಚಿನ ಮಂಗಳವಾರ ಅತ್ತೆ ಮತ್ತು ಹಿರಿಯ ಸೊಸೆ ದೇವದುರ್ಗದ ಬಸ್ಸು ಹತ್ತಿದರು. ಆ ಕಡೆಯ ಒಂದು ಗುಡ್ಡದ ಮೇಲೆ ಇವರ ಮನೆಯ ದೇವಿ ಇದ್ದಾಳೆ. ಗುಡ್ಡದವ್ವ ಎನ್ನುತ್ತಾರೆ. ಅಲ್ಲಿ ಯಮನಮ್ಮ ಅತ್ತೆಯ ಕಿವಿಯಲ್ಲಿ ಊದಿ ಒಂದು ಹರಕೆ ಹೊರಿಸಿದಳು. ಈ ಮನೆಯ ಕೂಸಿಗೆ ಆ ಶಾಲೆ ಸಿಕ್ಕರೆ, ಮನೆಯ ಒಂದು ಹೆಣ್ಣುಕೂಸಿಗೆ ಮುತ್ತು ಕಟ್ಟಿಸುತ್ತೇವೆ ಎಂದು. ಹೆಣ್ಣುಕೂಸು ಎಂದಾಗ ಇಬ್ಬರ ಮನಸ್ಸಿನಲ್ಲೂ ಇದ್ದವಳು ಜಂಬಿ. ಮಗನಿಗೆ ಸೀಟೂ ಸಿಗಬೇಕು, ಮಗನ ಮುಂದೆ ಹೋಗುವವಳು ಕಣ್ಣ ಮುಂದಿನಿಂದ ಸರಿಯಲೂಬೇಕು. ಯಮನಮ್ಮನ ಹೊಟ್ಟೆಕಿಚ್ಚಿಗೆ ದೇವಿಯೇ ದಾರಿ ತೋರಿಸಿದಂತಾಗಿತ್ತು. ಹೆತ್ತವಳನ್ನು ಒಂದು ಮಾತು ಕೇಳಲಿಲ್ಲ.

ಮುತ್ತು ಕಟ್ಟುವುದೆಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ಹುಡುಗಿಯ ಕೊರಳಿಗೆ ದೇವಿಯ ಹೆಸರಲ್ಲಿ ಮುತ್ತಿನ ಸರ ಹಾಕುತ್ತಾರೆ. ಅಂದಿಗೆ ಅವಳ ಮದುವೆಯ ಮಾತು ಮುಗಿಯಿತು. ದೊಡ್ಡವಳಾದ ಮೇಲೆ ಅವಳಿಗೆ ಗಂಡನಿಲ್ಲ, ಅವಳ ಮಕ್ಕಳಿಗೆ ಅಪ್ಪನ ಹೆಸರಿಲ್ಲ. ಹಣವಿದ್ದವನ ಕಣ್ಣಿಗೆ ಬಿದ್ದರೆ ಅವನ ಪಾಲು, ಅವನಿಗೆ ಬೇಸರವಾದರೆ ಬೀದಿಯ ಪಾಲು. ಹಬ್ಬದ ದಿನ ಅವಳನ್ನು ಮುಂದೆ ಕರೆದು ಕೂರಿಸುವ ಜನವೇ ಉಳಿದ ದಿನ ಅವಳ ಹೆಸರು ಹೇಳಿ ಉಗುಳುತ್ತಾರೆ. ಇದನ್ನು ದೇವರ ಕೆಲಸ ಎಂದವರ ಬಾಯಿಗೆ ಮಣ್ಣು ಬೀಳಲಿ ಎಂದು ನಾನು ಆಗಲೂ ಅಂದಿದ್ದೆ, ಈಗಲೂ ಅನ್ನುತ್ತೇನೆ.

ಮಾರೆಮ್ಮನಿಗೆ ಇದು ತಿಳಿಯದ್ದೇ? ಅವಳ ಹಿರಿಯ ಮಗಳು ಭೀಮವ್ವನನ್ನೇ ಅವಳು ದೇವಿಗೆ ಬಿಟ್ಟಿದ್ದಳು. ಹುಟ್ಟಿದ ಗಂಡುಮಕ್ಕಳು ಉಳಿಯುತ್ತಿರಲಿಲ್ಲ ಎಂದು ಭೀಮವ್ವನಿಗೆ ಮುತ್ತು ಕಟ್ಟಿಸಿದಳು. ಆಮೇಲೆ ದುರುಗಪ್ಪ ಹುಟ್ಟಿ ಉಳಿದ, ಬೂದೆಪ್ಪನೂ ಉಳಿದ. ಭೀಮವ್ವ ಪ್ರಾಯಕ್ಕೆ ಬಂದವಳೇ ಯಾರದೋ ಜೊತೆ ಮುಂಬಯಿಗೆ ಹೋದಳು. ಮತ್ತೆ ಬರಲಿಲ್ಲ. ಆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಪರೀಕ್ಷೆಯ ಫಲಿತಾಂಶ ಬಂತು. ಅಕ್ಕೋರು ಓಡಿದಂತೆ ನಡೆದು ಓಣಿಗೆ ಬಂದರು. ನಲ್ಲಿಯ ಹತ್ತಿರ ನಾವೆಲ್ಲ ನೀರಿಗೆ ನಿಂತಿದ್ದೆವು.

"ಗೋಪಮ್ಮ, ನಿನ್ನ ಮಗಳು ಆರಿಸಿ ಬಂದಾಳ."

ಗೋಪಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಯಮನಮ್ಮ ಮಾತ್ರ ಕೇಳಿದಳು:

"ಯಂಕೋಬ?"

ಅಕ್ಕೋರು ತಲೆಯಾಡಿಸಿದರು. "ಈ ಸಲ ಆಗಿಲ್ಲ ಯಮನಮ್ಮ. ಅಂವ ಇಲ್ಲೇ ಹೈಸ್ಕೂಲಿನ ತನಕ ಚಲೋ ಓದತಾನ, ನಾನು ನೋಡಿಕೋತೀನಿ."

ಯಮನಮ್ಮ ತುಂಬುತ್ತಿದ್ದ ಕೊಡವನ್ನು ಅಲ್ಲೇ ಬಿಟ್ಟು ನಡೆದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. ಅವಳ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಮಗ ಸೋತ ದುಃಖಕ್ಕಿಂತ ಇನ್ನೊಬ್ಬಳ ಮಗಳು ಗೆದ್ದ ಸಂಕಟವೇ ಅಲ್ಲಿ ಹೆಚ್ಚಾಗಿತ್ತು.

"ಹಿಗ್ಗಬ್ಯಾಡ ಗೋಪಿ," ಎಂದಳು. "ಮನಿ ಕೂಸಿಗಿ ಸಾಲಿ ಸಿಕ್ಕರ ಹೆಣ್ಣುಕೂಸನ್ನ ಬಿಡತೀವಿ ಅಂತ ಅತ್ತಿ ಗುಡ್ಡದವ್ವಗ ಹರಕಿ ಹೊತ್ತಾಳ. ಸಾಲಿ ಸಿಕ್ಕದ. ಈಗ ಹರಕಿ ತೀರಸು."

ಗೋಪಮ್ಮನಿಗೆ ಹರಕೆಯ ವಿಷಯ ಗೊತ್ತಾದದ್ದು ಹೀಗೆ, ನಡುಬೀದಿಯಲ್ಲಿ, ಮಗಳು ಗೆದ್ದ ಘಳಿಗೆಯಲ್ಲೇ. ಅಣ್ಣನಿಗೆ ಶಾಲೆ ಸಿಗಲೆಂದು ತಂಗಿಯನ್ನು ಕೊಡುತ್ತೇವೆ ಎಂದಿದ್ದರು. ಈಗ ಶಾಲೆ ಗೆದ್ದವಳೇ ಶಾಲೆಯ ಬೆಲೆಯೂ ಆಗಿ ನಿಂತಳು.

ಮಾರೆಮ್ಮ ಮುತ್ತು ಕಟ್ಟಿಸಲು ಕಾರಹುಣ್ಣಿಮೆಯ ದಿನ ಗೊತ್ತು ಮಾಡಿದಳು. ಶಾಲೆಗೆ ಸೇರಬೇಕಾದದ್ದು ಅದಕ್ಕೂ ಮುಂಚಿನ ಸೋಮವಾರ. ಅಕ್ಕೋರು ಬಂದು ಮುದುಕಿಯ ಎದುರು ಕೂತು ಬಹಳ ಹೊತ್ತು ಮಾತಾಡಿದರು.

"ಮುತ್ತು ಕಟ್ಟಬಾರದು ಅಂತ ಸರಕಾರ ಕಾಯ್ದಿ ಮಾಡ್ಯದ ಯವ್ವಾ. ಕಟ್ಟಿದವರಿಗೂ ಜೈಲು, ಕಟ್ಟಿಸಿದವರಿಗೂ ಜೈಲು."

"ಸರಕಾರ ನನ್ನ ಮಕ್ಕಳನ್ನ ಉಳಿಸಿತ್ತೇನ್ರಿ? ಗುಡ್ಡದವ್ವ ಉಳಿಸ್ಯಾಳ. ನೀವು ನಮಾಜು ಮಾಡೋರು, ನಮ್ಮ ದೇವರ ನಡುವ ಬರಬ್ಯಾಡ್ರಿ."

"ನಾನು ದೇವರ ನಡುವ ಬಂದಿಲ್ಲ. ಜಂಬಿ ಓದಿ ಪಾಸಾಗ್ಯಾಳ, ನಾನು ಕಣ್ಣಾರೆ ನೋಡೀನಿ. ದೇವರು ಬಂದು ಅಕಿ ಪೇಪರು ಬರದಿಲ್ಲ."

"ಬರಸಿದಾಕಿ ಅವ್ವ," ಎಂದಳು ಮಾರೆಮ್ಮ.

ಗಂಡಸರದು ಇನ್ನೊಂದು ಕಥೆ. ದುರುಗಪ್ಪ ಇದು ಹೆಂಗಸರ ವ್ಯವಹಾರ ಎಂದು ಗಿರಣಿಗೆ ಹೋದ. ಬೂದೆಪ್ಪ ಒಳ್ಳೆಯವನೇ, ಮಗಳ ಮೇಲೆ ಜೀವ. ಆದರೆ ತಾಯಿಯ ಎದುರು ನಿಂತು ಅಭ್ಯಾಸವಿಲ್ಲದವನು. ಅಕ್ಕನ ಮುತ್ತಿನಿಂದಲೇ ತಾನು ಬದುಕಿದೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವನು. ಗೋಪಮ್ಮ ಕೈಹಿಡಿದು ಕೇಳಿದರೆ, "ಅವ್ವನ ಮಾತು ಹ್ಯಾಂಗ ಮೀರಲಿ" ಎಂದು ನೆಲ ನೋಡುತ್ತಿದ್ದ. ನಾಲ್ಕು ಜನ ಹೊರುವ ಚೀಲವನ್ನು ಒಬ್ಬನೇ ಹೊರುವ ಗಂಡಸು ಮಗಳ ಪರವಾಗಿ ಒಂದು ಮಾತು ಹೊರಲಿಲ್ಲ.

ಅದೇ ದಿನಗಳಲ್ಲಿ ಯಂಕೋಬನಿಗೆ ಜ್ವರ ಬಂತು. ನಡುಗಿಸುವ ಚಳಿ, ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಒಂದು ದಿನ ಬಿಡುತ್ತಿತ್ತು, ಮರುದಿನ ಮತ್ತೆ ಹಿಡಿಯುತ್ತಿತ್ತು. ಕಾಲುವೆಯ ನೀರು, ಗದ್ದೆ, ಸೊಳ್ಳೆ ಇರುವ ನಮ್ಮ ಸೀಮೆಯಲ್ಲಿ ಇದು ಯಾವ ಜ್ವರ ಎಂದು ಯಾರು ಬೇಕಾದರೂ ಹೇಳುತ್ತಿದ್ದರು. ಮಾರೆಮ್ಮ ಮಾತ್ರ ಬೇರೆ ಹೇಳಿದಳು.

"ಅವ್ವ ಕೇಳಾಕತ್ತಾಳ. ಕೊಡೋದು ತಡಾ ಮಾಡಿದರ ಈ ಹುಡುಗನ್ನ ಒಯ್ಯತಾಳ."

ಯಮನಮ್ಮನ ಹೊಟ್ಟೆಕಿಚ್ಚಿಗೆ ಈಗ ತಾಯಿಯ ಭಯವೂ ಸೇರಿಕೊಂಡಿತು. ಎರಡೂ ಸೇರಿದ ಹೆಂಗಸಿನ ಮುಂದೆ ಯಾರು ನಿಲ್ಲುತ್ತಾರೆ? ಗೋಪಮ್ಮನ ಮುಖ ಕಂಡರೆ ಸಾಕು, "ನಿನ್ನ ಮಗಳು ಓದಿ ಸಾಹೇಬ ಆಗಲಿ, ನನ್ನ ಮಗ ಮಣ್ಣಿಗಿ ಹೋಗಲಿ, ಅಲ್ಲೇನು?" ಎಂದು ಶುರು ಮಾಡುತ್ತಿದ್ದಳು. ಗೋಪಮ್ಮ ಬಡಿಸಿದ್ದನ್ನು ತಾನೂ ಉಣ್ಣುತ್ತಿರಲಿಲ್ಲ, ಮಕ್ಕಳಿಗೂ ಉಣ್ಣಲು ಬಿಡುತ್ತಿರಲಿಲ್ಲ. ಗೋಪಮ್ಮ ಒಣಗಿ ಕಡ್ಡಿಯಾದಳು. ಒಂದು ದಿನ ನನ್ನ ಒಲೆಯ ಮುಂದೆ ಕೂತು ಹೇಳಿದಳು:

"ಕೊಟ್ಟುಬಿಡಲೇನು ಯಕ್ಕಾ? ಆ ಹುಡುಗಗ ಏನರ ಆದರ ನಾನು ಈ ಮನ್ಯಾಗ ಹ್ಯಾಂಗ ಇರಲಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹುಡುಗಗ ಔಷಧ ಕೊಡಸು. ಮಗಳನ್ನ ಯಾಕ ಕೊಡತೀ?" ಎಂದೆ. ಇಬ್ಬರೂ ಅಕ್ಕೋರ ಹತ್ತಿರ ಹೋದೆವು. ಅಕ್ಕೋರು ಆಸ್ಪತ್ರೆಯವರನ್ನು ಮನೆಗೇ ಕರೆತಂದರು. ಅವರು ಯಂಕೋಬನ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು, ಮಲೇರಿಯಾ ಮಾತ್ರೆ ಕೊಟ್ಟು ಹೋದರು. ಮಾರೆಮ್ಮ ಬೇಡವೆಂದಳು. ಯಮನಮ್ಮ ಬೇಡವೆನ್ನಲಿಲ್ಲ. ಹೊತ್ತು ಹೊತ್ತಿಗೆ ತಾನೇ ನುಂಗಿಸಿದಳು. ಆ ವಾರ ಕಳೆಯುವಷ್ಟರಲ್ಲಿ ಹುಡುಗ ಎದ್ದು ಕೂತು ರೊಟ್ಟಿ ಕೇಳಿದ. ಮಾರೆಮ್ಮ, "ಕೊಡತೀವಿ ಅಂತ ದಿನಾ ಹೇಳಿಕೊಂಡೆ, ಅದಕ್ಕ ಬಿಟ್ಟಾಳ" ಎಂದಳು.

ಸೋಮವಾರ ಬೆಳಗ್ಗೆ ಗೋಪಮ್ಮ ಮಗಳಿಗೆ ತಲೆ ಬಾಚಿ, ಎರಡು ಲಂಗ ಒಂದು ಹೊದಿಕೆ ಗಂಟು ಕಟ್ಟಿದಳು. ಗಂಟು ಕಂಡು ಮಾರೆಮ್ಮ ಅಂಗಳದ ಬಾಗಿಲಿಗೆ ಅಡ್ಡ ಕೂತಳು. ಯಮನಮ್ಮ ಅವಳ ಹಿಂದೆ ನಿಂತಳು. ಬೂದೆಪ್ಪ ದನದ ಹಗ್ಗ ಹೊಸೆಯುವ ನೆಪದಲ್ಲಿ ಮೂಲೆಯಲ್ಲಿದ್ದ. ಸಪ್ಪಳ ಕೇಳಿ ನಾನು ನಮ್ಮ ಅಂಗಳಕ್ಕೆ ಬಂದಿದ್ದೆ.

"ಅಕಿ ಅವ್ವನ ಕೂಸು," ಎಂದಳು ಮಾರೆಮ್ಮ. "ಹೊಸ್ತಿಲಾ ದಾಟಸಬ್ಯಾಡ."

ಗೋಪಮ್ಮ ಆ ಮನೆಗೆ ಬಂದಂದಿನಿಂದ ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂದೂ ಅವಳು ಕೂಗಲಿಲ್ಲ.

"ಅಕಿನ್ನ ನಾನು ಹಡದೀನಿ ಅತ್ತಿ. ಹರಕಿ ಹೊರೋ ಮುಂದ ನೀವು ನನ್ನ ಕೇಳಲಿಲ್ಲ. ಇನ್ನೊಬ್ಬರ ಕೂಸನ್ನ ಕೊಡತೀನಿ ಅಂದರ ಅದು ಹರಕಿ ಅಲ್ಲ, ಕಳವು. ಅವ್ವ ಸಿಟ್ಟಾದರ ನನ್ನ ಮ್ಯಾಲ ಆಗಲಿ. ನನ್ನ ಮಗಳು ಇವತ್ತು ಸಾಲಿಗಿ ಹೋಗತಾಳ."

ಮುದುಕಿಯನ್ನು ದಾಟಿ ಹೋಗುವುದು ಹೇಗೆಂದು ಅವಳು ಅರೆಗಳಿಗೆ ನಿಂತಳು. ಆಮೇಲೆ ಜಂಬಿಯನ್ನು ಎತ್ತಿ, ಎರಡು ಅಂಗಳಗಳ ನಡುವಿದ್ದ ಸೊಂಟದೆತ್ತರದ ಮೋಟುಗೋಡೆಯ ಮೇಲಿಂದ ನನ್ನ ಕೈಗೆ ಕೊಟ್ಟಳು. ನಾನು ಇಳಿಸಿಕೊಂಡೆ. ಗಂಟನ್ನೂ ಇಳಿಸಿಕೊಂಡೆ. ತಾನೂ ಹಿಂದೆಯೇ ಹಾರಿ ಬಂದಳು. ಬೂದೆಪ್ಪ ಎದ್ದು ನಿಂತ, ತಡೆಯಲಿಲ್ಲ. ಅವನು ಮಾಡಿದ ಉಪಕಾರ ಅಷ್ಟೇ.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕೋರು ಕಾಯುತ್ತಿದ್ದರು. ರಾಯಚೂರಿನ ಬಸ್ಸು ಹೊರಡುವಾಗ ಜಂಬಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಕೇಳಿದ್ದು ಒಂದೇ ಮಾತು: "ಯಂಕೋಬಗ ಈಗ ಲೆಕ್ಕ ಯಾರು ಹೇಳಿಕೊಡತಾರ?"

ಮಗಳನ್ನು ಸೇರಿಸಿ ಗೋಪಮ್ಮ ಸಂಜೆಗೆ ತಿರುಗಿ ಬಂದಳು. ಮನೆಯ ಬಾಗಿಲು ತೆರೆಯಲಿಲ್ಲ. ನಮ್ಮಲ್ಲೇ ಉಂಡು ನಮ್ಮಲ್ಲೇ ಮಲಗಿದಳು. ಕಾರಹುಣ್ಣಿಮೆಯ ಹಿಂದಿನ ದಿನ ಬೆಳಗ್ಗೆ, ನಾವಿಬ್ಬರೂ ಅಕ್ಕಿ ಆರಿಸುತ್ತ ಕೂತಿದ್ದಾಗ, ಗೋಡೆಯ ಆಚೆ ಮಾರೆಮ್ಮನ ದನಿ ಕೇಳಿತು. ಸಿಟ್ಟಿನ ದನಿಯಲ್ಲ, ದಿನದ ಅಡಿಗೆಯ ಮಾತು ಆಡಿದಂತಿತ್ತು.

"ಗದ್ದೆಮ್ಮಗ ಎಣ್ಣಿ ಹಚ್ಚಿ ನೀರು ಎರಿ. ನಾಳಿ ಗುಡ್ಡಕ್ಕ ಹೋಗಬೇಕು."

ಯಮನಮ್ಮನಿಗೆ ಒಮ್ಮೆಲೇ ಅರ್ಥವಾಗಲಿಲ್ಲ. "ಗದ್ದಿನ್ನ ಯಾಕ ಅತ್ತಿ?"

"ಹೆಣ್ಣುಕೂಸು ಅಂತ ಅವ್ವನ ಮುಂದ ನುಡದೀನಿ. ಅಕಿ ಓಡಿ ಹೋದಳು. ಮನ್ಯಾಗ ಉಳದ ಹೆಣ್ಣುಕೂಸು ಇಕಿ. ಮಾತು ಉಳಿಸಿಕೊಳ್ಳಬೇಕಲ್ಲ."

ಗೋಪಮ್ಮನ ಕೈ ಮೊರದಲ್ಲಿ ನಿಂತಿತು. ತಾನು ಕಿವಿಯಲ್ಲಿ ಊದಿ ಹೊರಿಸಿದ ಹರಕೆ ತನ್ನ ಮಡಿಲಿಗೇ ಕೈ ಹಾಕಿದೆ ಎಂದು ಆ ಹೆಂಗಸಿಗೆ ಆಗ ತಿಳಿಯಿತು.

"ಇಲ್ಲ," ಎಂದಳು ಯಮನಮ್ಮ.

"ಯಂಕೋಬಗ ಮತ್ತ ಜ್ವರ ಬರತದ."

"ಬಂದರ ಮಾತ್ರಿ ನುಂಗಸ್ತೀನಿ. ನುಂಗಿದ ಮ್ಯಾಲನ ಇಳದದ, ನಾನು ನೋಡೀನಿ. ಗದ್ದಿನ್ನ ಕೊಡಂಗಿಲ್ಲ."

"ಗುಡ್ಡದ ಮ್ಯಾಲ ಹರಕಿ ಹೊರಸಿದಾಕಿ ನೀನ."

"ಹೌದು. ನಾನ ಹೊರಸೀನಿ. ಗೋಪಿ ಮಗಳು ಅಂತ ಹೊರಸೀನಿ, ಅಕಿ ಮುಂದ ಹೋಗತಾಳಂತ ಹೊಟ್ಟಿಕಿಚ್ಚಿಗಿ ಹೊರಸೀನಿ. ಅದು ಅವ್ವಗ ತಿಳಿಯಂಗಿಲ್ಲೇನು? ನನ್ನ ಹೊಟ್ಟಿಕಿಚ್ಚು ತಿಂದು ಬದುಕೋ ಅವ್ವ ನನಗ ಬ್ಯಾಡ. ನೀವು ಗುಡ್ಡಕ್ಕ ಹೋಗೋದಿದ್ದರ ಒಬ್ಬರ ಹೋಗ್ರಿ."

ಆಮೇಲೆ ಕೇಳಿದ್ದು ಮಾರೆಮ್ಮನ ಅಳು. ಆ ಮುದುಕಿ ಅತ್ತದ್ದನ್ನು ನಾನು ಮೊದಲ ಸಲ ಕೇಳಿದೆ.

"ಹರಕಿ ಸುಳ್ಳಂದರ, ನಾನು ನನ್ನ ಭೀಮಿನ್ನ ಯಾತಕ್ಕ ಕೊಟ್ಟೆ? ಹೇಳ್ರಿ ಯಾರಾದರೂ. ಯಾತಕ್ಕ ಕೊಟ್ಟೆ?"

ಓದುವವರೇ, ನಿಮ್ಮಲ್ಲಿ ಯಾರಾದರೂ ಅವಳಿಗೆ ಉತ್ತರ ಕೊಡಬಲ್ಲಿರಾದರೆ ಕೊಡಿ. ಹಾಗೆ ಕೇಳುವ ಇನ್ನೊಬ್ಬ ತಾಯಿ ನಿಮ್ಮ ಓಣಿಯಲ್ಲಿ ಇರದಂತೆ ನೋಡಿಕೊಳ್ಳಿ ಎನ್ನುವುದಷ್ಟೇ ನನ್ನ ಕೈಲಾಗುವುದು.

ಹುಣ್ಣಿಮೆ ಕಳೆದ ಮೇಲೆ ಗೋಪಮ್ಮನಿಗೆ ಬಾಗಿಲು ತೆರೆಯಿತು. ತೆರೆದವಳು ಯಮನಮ್ಮ. ಚಿಲಕ ತೆಗೆದು ಒಳಗೆ ಹೋದಳು. ಮರುದಿನ ಅವಳು ಗದ್ದೆಮ್ಮನ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹೆಣೆದು, ಕೈ ಹಿಡಿದು ದರದರ ಎಳೆದುಕೊಂಡು ಶಾಲೆಗೆ ನಡೆದಳು. ನಾನೂ ಗೋಪಮ್ಮನೂ ನಲ್ಲಿಯ ಹತ್ತಿರ ಇದ್ದೆವು. ನಮ್ಮನ್ನು ಕಂಡರೂ ಕಾಣದವಳಂತೆ ಹೋದಳು. ಓಣಿಯ ತುದಿಯಲ್ಲಿದ್ದ ಶಾಲೆಯ ಬಾಗಿಲಲ್ಲಿ ಅಕ್ಕೋರನ್ನು ನಿಲ್ಲಿಸಿ ಹೇಳಿದ್ದು ಮಾತ್ರ ನಲ್ಲಿಯವರೆಗೂ ಕೇಳಿಸಿತು, ಗೋಪಮ್ಮನಿಗೆ ಕೇಳಲಿ ಎಂದೇ ಅವಳು ಅಷ್ಟು ದೊಡ್ಡದಾಗಿ ಹೇಳಿದ್ದು.

"ಇಕಿ ಹೆಸರು ಬರಕೋರಿ ಅಕ್ಕೋರ. ಜಂಬಿ ಹೋದ ಸಾಲಿಗಿ ಇಕಿನೂ ಹೋಗಬೇಕು. ಅಕಿಗಿಂತ ಒಂದು ಮಾರ್ಕ ಹೆಚ್ಚಿಗಿ ತಗೀಬೇಕು. ಒಂದ ಸಾಕು, ಆದರ ಹೆಚ್ಚಿಗಿ ತಗೀಬೇಕು."